ಗಡಿಯಲ್ಲಿ ದಿನಾ ಜಗಳ ಇರುತ್ತಾ? ಬೆಳಗಾವಿ ಕಡೆಯಿಂದ ಒಂದು ಉತ್ತರ

"ನಿಮ್ಮ ಕಡೆ ಕನ್ನಡ ಮಾತಾಡಿದರೆ ಗಲಾಟೆ ಆಗುತ್ತಂತೆ, ಹೌದಾ?" ಬೆಂಗಳೂರು, ಮೈಸೂರು ಕಡೆಯವರು ಸಿಕ್ಕಾಗ ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಇದು. ನೀವೂ ಅದನ್ನೇ ಕೇಳಿದಿರಿ. ಇಲ್ಲ, ಆಗಲ್ಲ. ಬೆಳಗಾವಿಯ ಗಣಪತಿ ಗಲ್ಲಿಗೋ ಖಡೇಬಜಾರಕ್ಕೋ ಒಂದು ಸಂಜೆ ಹೋಗಿ ನೋಡಿ. ಬೈಲಹೊಂಗಲದಿಂದ ಮದುವೆ ಜವಳಿಗೆ ಬಂದ ಹೆಣ್ಣುಮಕ್ಕಳು "ಇನ್ನೊಂದೆರಡು ತೆಗೀರಿ ಅಣ್ಣಾರ" ಅಂತಾರೆ. ಅಂಗಡಿಯವರ ಮನೆ ಮಾತು ಮರಾಠಿ ಇದ್ದರೂ ಬೆಲೆ ಹೇಳುವುದು ಕನ್ನಡದಲ್ಲಿ. ಪಕ್ಕದಲ್ಲೇ ಖಾನಾಪುರದಿಂದ ಬಂದ ಕಾಕಾ ಮರಾಠಿಯಲ್ಲಿ ಕೇಳಿದರೆ ಅವರಿಗೆ ಮರಾಠಿಯಲ್ಲಿ ಉತ್ತರ. ಇಬ್ಬರೂ ಚೌಕಾಸಿ ಮಾಡಿ, ಚಹಾ ಕುಡಿದು, ಗಂಟು ಕಟ್ಟಿಕೊಂಡು ಬಸ್ ಹಿಡಿಯುತ್ತಾರೆ. ವರ್ಷದ ಬಹುಪಾಲು ದಿನ ಇಲ್ಲಿ ನಡೆಯುವುದು ಇದೇ.

ಗಲಾಟೆ ಆಗೇ ಇಲ್ಲ ಅಂತಲೂ ನಾನು ಹೇಳಲ್ಲ. ಆಗುತ್ತದೆ. ಆದರೆ ಅದಕ್ಕೆ ತಾರೀಖು ಇದೆ.

ಹಿಂದಿನ ಕಥೆ ನಿಮಗೆ ಅಷ್ಟಿಷ್ಟು ಗೊತ್ತಿರಬೇಕು. 1956ರ ನವೆಂಬರ್ 1ಕ್ಕೆ ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದವು. ಮಹಾರಾಷ್ಟ್ರ ಒಪ್ಪಲಿಲ್ಲ. ಗಡಿ ಜಗಳ ಬಗೆಹರಿಸಲು ಮಹಾಜನ್ ಆಯೋಗ ಬಂತು. 1967ರಲ್ಲಿ ಅದು ಕೊಟ್ಟ ವರದಿ ಬೆಳಗಾವಿ ಕರ್ನಾಟಕದಲ್ಲೇ ಇರಲಿ ಅಂದಿತು. ಇಲ್ಲಿಂದ 264 ಹಳ್ಳಿ ಅಲ್ಲಿಗೆ, ಅಲ್ಲಿಂದ 247 ಹಳ್ಳಿ ಇಲ್ಲಿಗೆ ಅಂತ ಶಿಫಾರಸು ಮಾಡಿತು. ಅದು ಜಾರಿಯಾಗಲೇ ಇಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಇನ್ನೂ ತೀರ್ಪು ಬಂದಿಲ್ಲ. ನಮ್ಮ ಅಜ್ಜಂದಿರ ಕಾಲದ ಪ್ರಶ್ನೆ ಮೊಮ್ಮಕ್ಕಳ ಕಾಲಕ್ಕೂ ಬಂದು ನಿಂತಿದೆ.

ಈಗ ಆ ತಾರೀಖುಗಳ ವಿಷಯ. ನವೆಂಬರ್ 1ಕ್ಕೆ ಬೆಳಗಾವಿಯಲ್ಲಿ ರಾಜ್ಯೋತ್ಸವದ ಮೆರವಣಿಗೆ. ಅದನ್ನು ನೀವು ಒಮ್ಮೆ ನೋಡಲೇಬೇಕು. ಚನ್ನಮ್ಮ ವೃತ್ತಕ್ಕೆ ಹಳದಿ ಕೆಂಪು ಬಾವುಟ ಹಿಡಿದ ಹುಡುಗರು ಹಳ್ಳಿ ಹಳ್ಳಿಯಿಂದ ಬರುತ್ತಾರೆ. ಕಾಲಿಡಲು ಜಾಗ ಇರಲ್ಲ. ನಡುರಾತ್ರಿವರೆಗೂ ಕುಣಿತ. ಇಷ್ಟು ಜೋರು ರಾಜ್ಯೋತ್ಸವ ಬೇರೆ ಊರಲ್ಲಿ ನಾನು ಕಂಡಿಲ್ಲ. ಅದೇ ದಿನ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಲಿ ಅನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಕಪ್ಪು ಪಟ್ಟಿ ಕಟ್ಟಿಕೊಂಡು ಕರಾಳ ದಿನ ಮಾಡುತ್ತಾರೆ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾಗುವ ದಿನ ಅವರದು ಮಹಾಮೇಳಾವ, ಅಂದರೆ ದೊಡ್ಡ ಸಭೆ. ಪೊಲೀಸರ ಅನುಮತಿ ಸಿಗುತ್ತಾ ಇಲ್ವಾ, ಕೊಲ್ಲಾಪುರದಿಂದ ಯಾರು ಬರುತ್ತಾರೆ, ಗಡಿಯಲ್ಲಿ ಯಾರನ್ನು ತಡೆದರು, ಇಷ್ಟರ ಮೇಲೆ ಟಿವಿಯವರಿಗೆ ವಾರದ ಸುದ್ದಿ. ನೀವು ನಮ್ಮನ್ನು ನೋಡುವುದು ಆ ವಾರದಲ್ಲಿ ಮಾತ್ರ.

ಆ ಸಮಿತಿಯ ಬಲ ಈಗ ಮೊದಲಿನಷ್ಟಿಲ್ಲ. ಒಂದು ಕಾಲಕ್ಕೆ ಬೆಳಗಾವಿ ನಗರ, ಖಾನಾಪುರದಲ್ಲಿ ಅವರ ಶಾಸಕರೇ ಗೆಲ್ಲುತ್ತಿದ್ದರು. 2013ರಲ್ಲಿ ಇಬ್ಬರು ಗೆದ್ದರು. 2018ರಲ್ಲಿ, 2023ರಲ್ಲಿ ಒಬ್ಬರೂ ಇಲ್ಲ. 2021ರ ಮಹಾನಗರ ಪಾಲಿಕೆ ಚುನಾವಣೆಯಲ್ಲಿ 58ರಲ್ಲಿ 35 ವಾರ್ಡು ಬಿಜೆಪಿಗೆ ಹೋದವು. ಮರಾಠಿ ಮನೆಗಳ ಹುಡುಗರು ಭಾಷೆ ಬಿಟ್ಟು ಬೇರೆ ಲೆಕ್ಕದಲ್ಲಿ ಮತ ಹಾಕುತ್ತಿದ್ದಾರೆ. ಅದರಲ್ಲಿ ಧರ್ಮದ ಲೆಕ್ಕ ಇದೆ, ಜಾತಿಯ ಲೆಕ್ಕ ಇದೆ, ಕೆಲಸದ ಲೆಕ್ಕವೂ ಇದೆ. ಕನ್ನಡದ ನಾವು ಇದನ್ನು ನಮ್ಮ ಗೆಲುವು ಅಂತ ಬೀಗಬೇಕಾಗಿಲ್ಲ. ಆ ಮನೆಗಳ ಮಕ್ಕಳಿಗೆ ಕನ್ನಡ ಚೆನ್ನಾಗಿ ಕಲಿಸಿ, ಜೊತೆಗೆ ಅವರ ಮರಾಠಿ ಸಾಲಿಗಳನ್ನೂ (ಶಾಲೆಗಳನ್ನೂ) ನೆಟ್ಟಗೆ ನಡೆಸುವುದು ನಮ್ಮ ರಾಜ್ಯದ ಜವಾಬ್ದಾರಿ. ಅವರು ಈ ಮಣ್ಣಿನವರೇ ಅಲ್ವಾ?

ಜಗಳ ಬಂದಾಗ ಏಟು ತಿನ್ನುವವರು ಯಾರು ಅನ್ನೋದು ನಿಮಗೆ ತಿಳಿಯಬೇಕು. 2025ರ ಫೆಬ್ರವರಿಯಲ್ಲಿ ಬೆಳಗಾವಿ ಹತ್ತಿರ ಸಾರಿಗೆ ಬಸ್ಸಿನ ಕಂಡಕ್ಟರ್ ಒಬ್ಬರ ಮೇಲೆ ಭಾಷೆಯ ಕಾರಣಕ್ಕೆ ಹಲ್ಲೆ ಆಯಿತು. ದುಡಿದು ತಿನ್ನುವ ಮನುಷ್ಯನನ್ನು ಡ್ಯೂಟಿಯಲ್ಲಿ ಹೊಡೆದದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆಮೇಲೆ ಇಲ್ಲಿ ಮಹಾರಾಷ್ಟ್ರದ ಬಸ್ಸಿಗೆ ಮಸಿ, ಅಲ್ಲಿ ನಮ್ಮ ಬಸ್ಸಿಗೆ ಮಸಿ. ಕೆಲವು ದಿನ ಎರಡೂ ಕಡೆಯ ಗಾಡಿಗಳು ಗಡಿ ದಾಟಲಿಲ್ಲ. 2022ರ ಡಿಸೆಂಬರ್‌ನಲ್ಲೂ ಹೀಗೇ ಆಗಿತ್ತು. ಹೇಳಿಕೆ ಕೊಟ್ಟವರೆಲ್ಲ ಸ್ವಂತ ಕಾರಿನಲ್ಲಿ ಓಡಾಡುವವರು. ಬಸ್ ನಿಂತಾಗ ನಿಂತುಹೋದವರು ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಕಾಲೇಜಿಗೆ ಹೋಗುವ ಹುಡುಗಿಯರು, ಗಡಹಿಂಗ್ಲಜದಿಂದ ಸಂಕೇಶ್ವರದ ಸಂತೆಗೆ ಬರುವವರು, ಮಹಾರಾಷ್ಟ್ರದ ಮಿರಜದ ದವಾಖಾನೆಗೆ ಹೊರಟವರು.

ಮಿರಜದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಡಿನಾಡಿನ ಬದುಕು ಅರ್ಥವಾಗಬೇಕಾದರೆ ಮಿರಜ ಅರ್ಥವಾಗಬೇಕು. ಅಥಣಿ, ಕಾಗವಾಡ, ರಾಯಬಾಗ, ಕುಡಚಿ, ಆಚೆ ಜಮಖಂಡಿ, ಈ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ಕಷ್ಟವಾದರೆ, ಟ್ರ್ಯಾಕ್ಟರ್ ಮಗುಚಿ ಕಾಲು ಮುರಿದರೆ ಮೊದಲು ಬರುವ ಮಾತು "ಮಿರಜಕ್ಕ ಒಯ್ಯೋಣ". ಅಥಣಿಯಿಂದ ಮಿರಜ ಒಂದು ಒಂದೂವರೆ ತಾಸಿನ ದಾರಿ. ಜಿಲ್ಲಾ ಕೇಂದ್ರವಾದ ಬೆಳಗಾವಿ ಮೂರು ತಾಸು. ಜೀವ ಹೋಗುವ ಹೊತ್ತಿನಲ್ಲಿ ಯಾವ ರಾಜ್ಯ ಅಂತ ಯಾರು ನೋಡುತ್ತಾರೆ? 1890ರ ದಶಕದಲ್ಲಿ ಮಿಷನ್ ವೈದ್ಯ ವಿಲಿಯಂ ವಾನ್ಲೆಸ್ ಅಲ್ಲಿ ಆಸ್ಪತ್ರೆ ಶುರು ಮಾಡಿದರು. ಅಂದಿನಿಂದ ಆ ಊರು ದವಾಖಾನೆಗಳ ಊರಾಗಿಯೇ ಬೆಳೆಯಿತು. ಅಲ್ಲಿಯ ನರ್ಸುಗಳು, ಕಂಪೌಂಡರುಗಳು, ಔಷಧಿ ಅಂಗಡಿಯವರು ಕನ್ನಡ ಮಾತಾಡುತ್ತಾರೆ. "ಅವ್ವಾ, ಹೆದರಬ್ಯಾಡ" ಅಂತ ನಮ್ಮ ಮುದುಕಿಯರ ಕೈ ಹಿಡಿಯುತ್ತಾರೆ.

ಅದನ್ನು ಕಂಡು ನನಗೆ ಸಮಾಧಾನವೂ ಆಗುತ್ತದೆ, ಸಂಕಟವೂ ಆಗುತ್ತದೆ. ನಮ್ಮದೇ ತಾಲ್ಲೂಕುಗಳಲ್ಲಿ ರಾತ್ರಿ ಹೊತ್ತು ಹೃದಯದ ವೈದ್ಯರು ಸಿಗುವ ಒಂದು ಒಳ್ಳೆಯ ಸರ್ಕಾರಿ ಆಸ್ಪತ್ರೆ ಇರಬಾರದೇ? ಗಡಿ ರಕ್ಷಣೆ ಅಂತ ಭಾಷಣ ಮಾಡುವವರು ಒಮ್ಮೆ ಅಥಣಿಯಿಂದ ಆಂಬುಲೆನ್ಸ್‌ನಲ್ಲಿ ಕೂತು ನೋಡಬೇಕು.

ದೇವರ ವಿಷಯಕ್ಕೆ ಬಂದರೆ ಗಡಿ ಇನ್ನೂ ತೆಳು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗಳಲ್ಲಿ ಹೋಗಿ. ಕೊಲ್ಲಾಪುರ, ಸಾಂಗಲಿ ಕಡೆಯ ಗಾಡಿಗಳ ಸಾಲು ಕಾಣುತ್ತದೆ. ಭಂಡಾರ ಹಚ್ಚಿಕೊಂಡು "ಉಧೋ ಉಧೋ" ಅನ್ನುವಾಗ ಯಾರದು ಯಾವ ಭಾಷೆ ಅಂತ ತಿಳಿಯಲ್ಲ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯೂ ಹಾಗೇ. ಭಾರತ ಹುಣ್ಣಿಮೆ ಹೊತ್ತಿಗೆ ಅಲ್ಲಿ ಕುರಿ ಕಾಯುವವರು, ರೈತರು, ಎರಡೂ ಕಡೆಯವರು, ಬಂಡಿ ಕಟ್ಟಿಕೊಂಡೇ ಬರುತ್ತಿದ್ದರು. ಈಗ ಟೆಂಪೊ ಬಂದಿವೆ. ನಾವು ಆ ಕಡೆ ಹೋಗುವುದು ಪಂಢರಪುರಕ್ಕೆ, ಜ್ಯೋತಿಬಾಕ್ಕೆ, ಸೊಲ್ಲಾಪುರದ ಸಿದ್ಧರಾಮನ ಗದ್ದುಗೆಗೆ. ವಿಠ್ಠಲನನ್ನು ಜ್ಞಾನೇಶ್ವರರೇ ಕನ್ನಡದವನು, ಕರ್ನಾಟಕದವನು ಅಂತ ಹಾಡಿದ್ದಾರೆ. ನಮ್ಮ ಪುರಂದರದಾಸರ ಅಂಕಿತದಲ್ಲಿ ಅದೇ ವಿಠ್ಠಲ ಇದ್ದಾನೆ. ಸೊಲ್ಲಾಪುರದ ಸಿದ್ಧರಾಮ ಬರೆದ ವಚನಗಳು ಕನ್ನಡದವು. ಸಂಕ್ರಾಂತಿಯಲ್ಲಿ ಅಲ್ಲಿ ನಂದಿಧ್ವಜ ಎತ್ತುವವರ ಮನೆಗಳಲ್ಲಿ ಇವತ್ತಿಗೂ ಕನ್ನಡ ಕೇಳುತ್ತದೆ.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ತೀರಿಕೊಂಡಾಗ ಲಕ್ಷಾಂತರ ಜನ ಸೇರಿದ್ದರು. ಮಹಾರಾಷ್ಟ್ರದ ಹಳ್ಳಿಗಳಿಂದಲೂ ಬಂದಿದ್ದರು. ಅವರ ಬಿಳಿ ಅಂಗಿಗೆ ಜೇಬೇ ಇರಲಿಲ್ಲ. ಪ್ರವಚನ ಕನ್ನಡದಲ್ಲೂ ಹೇಳುತ್ತಿದ್ದರು, ಮರಾಠಿಯಲ್ಲೂ ಹೇಳುತ್ತಿದ್ದರು. ಮಾತು ತಿಳಿ. ಯಾರಿಗೂ ಬೈಯುತ್ತಿರಲಿಲ್ಲ. ಗಡಿ ಭಾಗದಲ್ಲಿ ಧರ್ಮ ಅಂದರೆ ಏನಿರಬೇಕು ಅಂತ ಯಾರಾದರೂ ಕೇಳಿದರೆ ನಾನು ಅವರ ಹೆಸರು ಹೇಳುತ್ತೇನೆ.

ಧರ್ಮದ ರಾಜಕೀಯ ಇಲ್ಲಿ ಇಲ್ಲ ಅಂತಲ್ಲ. 2017ರ ಆಗಸ್ಟ್‌ನಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮ ಬೇಕು ಅಂತ ಬೆಳಗಾವಿಯಲ್ಲಿ ದೊಡ್ಡ ಸಮಾವೇಶ ಆಯಿತು. ಮನೆ ಮನೆಯಲ್ಲಿ ವಾದ. ಒಂದೇ ಮನೆಯಲ್ಲಿ ತಂದೆ ಒಂದು ಕಡೆ, ಮಗ ಒಂದು ಕಡೆ. ಹಬ್ಬಗಳಲ್ಲಿ ಡಿಜೆ ಸದ್ದಿನ ಜೊತೆಗೆ ಸವಾಲಿನ ಮಾತೂ ಜಾಸ್ತಿಯಾಗುತ್ತಿದೆ, ಇದು ನನಗೆ ಭಯ ಹುಟ್ಟಿಸುವ ಸಂಗತಿ. ಆದರೆ ಇದನ್ನೂ ಕೇಳಿ. 2023ರಲ್ಲಿ ಅನಂತ ಚತುರ್ದಶಿಯ ಗಣಪತಿ ವಿಸರ್ಜನೆ, ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಂದವು. ಬೆಳಗಾವಿಯ ಗಣಪತಿ ಮೆರವಣಿಗೆ ಮರುದಿನದವರೆಗೂ ನಡೆಯುವಂಥದ್ದು. ಇಲ್ಲಿಯ ಮುಸ್ಲಿಂ ಹಿರಿಯರು ಕೂತು ಮಾತಾಡಿ ತಮ್ಮ ಮೆರವಣಿಗೆಯನ್ನು ಮುಂದಕ್ಕೆ ಹಾಕಿದರು. ಯಾರೂ ಒತ್ತಾಯ ಮಾಡಿರಲಿಲ್ಲ. ಕಲ್ಲು ಬಿದ್ದಿದ್ದರೆ ದೇಶಕ್ಕೆಲ್ಲ ತಿಳಿಯುತ್ತಿತ್ತು. ಹೀಗಾದದ್ದು ಅಷ್ಟಾಗಿ ಯಾರಿಗೂ ತಿಳಿಯಲಿಲ್ಲ.

ಹಾಡು, ನಾಟಕದಲ್ಲಂತೂ ಎರಡು ಭಾಷೆ ಬೇರ್ಪಡಿಸಲು ಆಗಲ್ಲ. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು 1843ರಲ್ಲಿ, ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ. ಕುಮಾರ ಗಂಧರ್ವರು ಹುಟ್ಟಿದ್ದು 1924ರಲ್ಲಿ, ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ, ಕನ್ನಡದ ಲಿಂಗಾಯತ ಮನೆಯಲ್ಲಿ. ಹಾಡು ಕಲಿತದ್ದು ಮುಂಬಯಿಯಲ್ಲಿ, ಬಾಳಿದ್ದು ದೇವಾಸದಲ್ಲಿ. ಅದೇ 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಕನ್ನಡ ನಾಡು ಒಂದಾಗಬೇಕು ಅನ್ನುವ ಕೂಗಿಗೂ ಆ ಸಭೆಯಿಂದ ಬಲ ಬಂತು. ಗೋಕಾಕ, ಕುಲಗೋಡ ಕಡೆಯ ಶ್ರೀಕೃಷ್ಣ ಪಾರಿಜಾತ ಬಯಲಾಟ ಇವತ್ತಿಗೂ ಜಾತ್ರೆಗಳಲ್ಲಿ ಬೆಳಗಿನ ತನಕ ನಡೆಯುತ್ತದೆ. ಈಗಿನ ಹುಡುಗರು ಮೊಬೈಲಿನಲ್ಲಿ ಉತ್ತರ ಕರ್ನಾಟಕದ ಜಾನಪದ ಹಾಡು ಹಾಕಿಕೊಂಡು ಟ್ರ್ಯಾಕ್ಟರ್ ಓಡಿಸುತ್ತಾರೆ. ಅದರ ಹಿಂದೆಯೇ ಒಂದು ಮರಾಠಿ ಹಾಡು, ಅದರ ಹಿಂದೆ ಹಿಂದಿ. ಬೆಂಗಳೂರಿನ ಸಿನಿಮಾದವರು ನಮ್ಮ ಮಾತನ್ನು ನಗೆ ಹುಟ್ಟಿಸಲು ಬಳಸುತ್ತಾರೆ ಅನ್ನೋ ನೋವು ಇಲ್ಲಿ ಹಳೆಯದು. "ಏನ್ಲೇ" ಅಂತ ಕಿರಿಚುವ ಪಾತ್ರ ಬಿಟ್ಟರೆ ನಾವು ತೆರೆಯ ಮೇಲೆ ಅಪರೂಪ. ಅದಕ್ಕೇ ನಮ್ಮ ಹುಡುಗರು ತಮ್ಮ ಹಾಡು, ತಮ್ಮ ಕಾಮಿಡಿ ತಾವೇ ಮಾಡಿಕೊಂಡರು. ಅದರಲ್ಲಿ ಒರಟುತನ ಇದೆ, ಆದರೆ ಜೀವವೂ ಇದೆ.

ಚಪ್ಪಲಿಯ ಕಥೆ ನಿಮಗೆ ಗೊತ್ತಿರಬಹುದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಕೊಲ್ಲಾಪುರಿ ಚಪ್ಪಲಿ ತೋರಿಸಿತು, ಎಲ್ಲಿಯದು ಅಂತ ಹೇಳದೆ. ದೇಶವೆಲ್ಲ ಸಿಟ್ಟಾಯಿತು. ಆದರೆ ಆ ಚಪ್ಪಲಿ ಅಥಣಿ, ಮದಭಾವಿ, ನಿಪ್ಪಾಣಿಯಲ್ಲೂ ತಯಾರಾಗುತ್ತದೆ ಅಂತ ಎಷ್ಟು ಜನರಿಗೆ ಗೊತ್ತಿತ್ತು? 2019ರಲ್ಲಿ ಅದಕ್ಕೆ ಸಿಕ್ಕ ಜಿಐ ಗುರುತು (ಇದು ಇಂಥ ಸೀಮೆಯದೇ ಅನ್ನುವ ಮುದ್ರೆ) ಎಂಟು ಜಿಲ್ಲೆಗಳದ್ದು. ನಾಲ್ಕು ಮಹಾರಾಷ್ಟ್ರದವು. ನಾಲ್ಕು ನಮ್ಮವು: ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. ಸಮಗಾರ ಮನೆಗಳಲ್ಲಿ ಗಂಡಸರು ತೊಗಲು ಕತ್ತರಿಸಿದರೆ ಹೆಣ್ಣುಮಕ್ಕಳು ಹೆಣಿಗೆ ಹಾಕುತ್ತಾರೆ. ತೊಗಲು ಹದ ಮಾಡಲಿಕ್ಕೆ ಮರದ ತೊಗಟೆ, ಅಳಲೆಕಾಯಿ. ಒಂದು ಜೋಡಿ ಮುಗಿಯಲು ದಿನಗಳೇ ಬೇಕು. ಕೈಗೆ ಬರುವುದು ಕಡಿಮೆ, ಮಧ್ಯದವರಿಗೆ ಜಾಸ್ತಿ. ಕೊನೆಗೆ ಅದೇ ಡಿಸೆಂಬರ್‌ನಲ್ಲಿ ಪ್ರಾಡಾ ಎರಡೂ ರಾಜ್ಯಗಳ ಚರ್ಮ ನಿಗಮಗಳ ಜೊತೆ ಒಪ್ಪಂದಕ್ಕೆ ಬಂತು. ಕೋರ್ಟಿನಲ್ಲಿ ಎದುರುಬದುರು ನಿಂತ ಎರಡು ರಾಜ್ಯ ಒಂದು ಚಪ್ಪಲಿಗಾಗಿ ಒಂದೇ ಕಾಗದಕ್ಕೆ ಸಹಿ ಹಾಕಿದವು. ಇಂಥ ಸಹಿ ಇನ್ನೂ ಹತ್ತು ವಿಷಯಕ್ಕೆ ಬೇಕು ಅಂತ ನನಗೆ ಅನ್ನಿಸುತ್ತದೆ.

ಅದರಲ್ಲಿ ಮೊದಲನೆಯದು ನೀರು. ಕೃಷ್ಣೆಗೆ ಬೇಸಿಗೆಯಲ್ಲಿ ನೀರಿಲ್ಲ. ಕೊಯ್ನಾ ಅಣೆಕಟ್ಟೆಯಿಂದ ಬಿಡಿ ಅಂತ ನಮ್ಮ ಸರ್ಕಾರ ಮಹಾರಾಷ್ಟ್ರಕ್ಕೆ ಪತ್ರ ಬರೆಯುತ್ತದೆ. ಮಳೆಗಾಲದಲ್ಲಿ ಅದೇ ಕೊಯ್ನಾ ತುಂಬಿದರೆ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ, ಯಡೂರು ಕಡೆಯ ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಿ ಮನೆಗಳೇ ಹೋದವು. ದನಗಳನ್ನು ಹೊಡೆದುಕೊಂಡು ಜನ ರಸ್ತೆ ಬದಿಯಲ್ಲಿ ತಾಡಪಾಲು ಕಟ್ಟಿಕೊಂಡರು. ಸಾಂಗಲಿಯಲ್ಲೂ ಅದೇ ಸ್ಥಿತಿ. ಅವರು ನಮ್ಮ ಆಲಮಟ್ಟಿಯನ್ನು ಬೈಯುತ್ತಾರೆ, ನಾವು ಅವರ ಕೊಯ್ನಾವನ್ನು ಬೈಯುತ್ತೇವೆ. ಆಲಮಟ್ಟಿಯನ್ನು 519.60ರಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನದಿ ನೀರಿನ ನ್ಯಾಯಮಂಡಳಿ ಒಪ್ಪಿದೆ. ಅದು ಏರಿದರೆ ಬಾಗಲಕೋಟೆಯ ಇನ್ನಷ್ಟು ಹಳ್ಳಿ ಮುಳುಗುತ್ತವೆ. ವಿಜಯಪುರದ ಒಣ ಭೂಮಿಗೆ ನೀರು ಬರುತ್ತದೆ. ಕಳೆದುಕೊಳ್ಳುವವರೂ ನಮ್ಮವರೇ, ಪಡೆಯುವವರೂ ನಮ್ಮವರೇ. 2022ರ ಕೊನೆಯಲ್ಲಿ ನಮ್ಮ ತುಬಚಿ ಬಬಲೇಶ್ವರ ಏತ ನೀರಾವರಿಯ ನೀರು ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಬರದ ಹಳ್ಳಿಗಳಿಗೆ ಹರಿದಾಗ ಅಲ್ಲಿಯ ಜನ ಪೂಜೆ ಮಾಡಿದರು. ಅವರಲ್ಲಿ ಬಹಳ ಮಂದಿ ಕನ್ನಡಿಗರು. ಯಾವ ಭಾಷಣವೂ ಆ ನೀರಿನಷ್ಟು ಕೆಲಸ ಮಾಡಿಲ್ಲ.

ಕಬ್ಬಿನ ಮಾತು ಹೇಳದಿದ್ದರೆ ಊರಿನವರು ಸುಮ್ನೆ ಬಿಡಲ್ಲ. ನಮ್ಮ ರೈತರು ಕಬ್ಬಿನ ಬಿಲ್ ನೋಡುವಾಗ ಕೊಲ್ಲಾಪುರದ ಕಾರ್ಖಾನೆ ಏನು ಕೊಟ್ಟಿತು ಅಂತ ಮೊದಲು ವಿಚಾರಿಸುತ್ತಾರೆ. ಜಯಸಿಂಗಪುರದಲ್ಲಿ ನಡೆಯುವ ಕಬ್ಬಿನ ಪರಿಷತ್ತಿನಲ್ಲಿ ಏನು ದರ ಘೋಷಣೆ ಆಯಿತು ಅಂತ ಕಿವಿಗೊಡುತ್ತಾರೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಸಾವಿರಾರು ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ಕೂತರು. ಹಳ್ಳಿಗಳಿಂದ ರೊಟ್ಟಿ ಗಂಟು ಬಂತು. ಸರ್ಕಾರ 3,300ಕ್ಕೆ ಬಂದು ನಿಂತಿತು. ರಾಜ್ಯೋತ್ಸವದ ತಿಂಗಳಲ್ಲಿ ಗಡಿ ಜಿಲ್ಲೆಯ ದೊಡ್ಡ ಹೋರಾಟ ಅದಾಗಿತ್ತು. ಬೆಂಗಳೂರು ನಮ್ಮ ಕಡೆ ತಿರುಗಿ ನೋಡಿದ್ದು ರಸ್ತೆ ಬಂದ್ ಆದ ಮೇಲೆ.

ನನ್ನ ಅಸಮಾಧಾನ ಇಲ್ಲೇ ಇದೆ. 2012ರಲ್ಲಿ ಸುವರ್ಣಸೌಧ ಕಟ್ಟಿ ಉದ್ಘಾಟನೆ ಮಾಡಿದರು. ಚೆಂದದ ಕಟ್ಟಡ, ಹೆಮ್ಮೆ ಇದೆ. ವರ್ಷಕ್ಕೆ ಒಮ್ಮೆ ಎರಡು ವಾರ ಅಧಿವೇಶನ. ಉಳಿದ ದಿನ ಅಲ್ಲಿ ಹೇಳಿಕೊಳ್ಳುವಂಥ ಇಲಾಖೆಗಳಿಲ್ಲ. ಒಂದು ಸಹಿಗಾಗಿ ಅಥಣಿಯ ಮನುಷ್ಯ ಇವತ್ತಿಗೂ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಾನೆ. ಗಡಿಯ ಕನ್ನಡ ಸಾಲಿಗಳಲ್ಲಿ ಮಾಸ್ತರರ ಕೊರತೆ. ಗಡಿಯಾಚೆ ಜತ್ತ, ಅಕ್ಕಲಕೋಟೆಯ ಕನ್ನಡ ಸಾಲಿಗಳ ಮಕ್ಕಳು ಓದಿ ಮುಗಿಸಿದ ಮೇಲೆ ಎಲ್ಲಿಗೆ ಹೋಗಬೇಕು? ಅಲ್ಲಿ ಕನ್ನಡ ಓದಿದವರಿಗೆ ಕೆಲಸ ಇಲ್ಲ, ಇಲ್ಲಿ ಹೊರರಾಜ್ಯದವರು ಅಂತ ಅರ್ಜಿ ತಿರುಗಿ ಬರುವ ಭಯ. ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಆಯಿತು. ನನಗೂ ಖುಷಿ. ಬೋರ್ಡು ಓದುವ ಮಗುವಿಗೆ ಮಾಸ್ತರರನ್ನೂ ಕೊಡಿ.

ನೀವು ಏನು ಮಾಡಬಹುದು ಅಂತ ಕೇಳಿದ್ದಿರಿ. ಬಾಗಲಕೋಟೆ ಕುಡಚಿ ರೈಲು ಮಾರ್ಗ ಅಂತ ಒಂದಿದೆ. 142 ಕಿಲೋಮೀಟರ್. ಒಪ್ಪಿಗೆ ಸಿಕ್ಕು ಒಂದೂವರೆ ದಶಕ ಆಯಿತು, ಹಳಿ ಇನ್ನೂ ಕುಡಚಿ ಮುಟ್ಟಿಲ್ಲ. ಬೆಳಗಾವಿಯಿಂದ ಕಿತ್ತೂರಿನ ಮೇಲೆ ಧಾರವಾಡಕ್ಕೆ ನೇರ ಮಾರ್ಗಕ್ಕೂ ಒಪ್ಪಿಗೆ ಸಿಕ್ಕಿದೆ, ಅದೂ ತೆವಳುತ್ತಿದೆ. ಈ ಎರಡು ಹಳಿ ಬಂದರೆ ಕೃಷ್ಣಾ ದಂಡೆಯ ನಮ್ಮ ಹಳ್ಳಿಗಳಿಗೆ ಕರ್ನಾಟಕವೇ ಹತ್ತಿರವಾಗುತ್ತದೆ. ರೋಗಿ ಹುಬ್ಬಳ್ಳಿಗೆ ಹೋಗಬಹುದು, ಹುಡುಗರು ಬಾಗಲಕೋಟೆಯ ಕಾಲೇಜಿಗೆ ಹೋಗಬಹುದು, ದ್ರಾಕ್ಷಿ ಬೆಳೆದವರು ಮಾಲು ಕಳಿಸಬಹುದು. ಡಿಸೆಂಬರ್‌ನಲ್ಲಿ ಗಡಿ ಗಲಾಟೆಯ ಸುದ್ದಿ ನೋಡಿದಾಗ ನಿಮ್ಮ ಕ್ಷೇತ್ರದ ಎಂಪಿಯವರಿಗೆ ಈ ಎರಡು ಮಾರ್ಗದ ಬಗ್ಗೆ ಒಂದು ಪತ್ರ ಬರೆಯಿರಿ. ನಮ್ಮ ಎಂಪಿಗಳನ್ನು ನಾವು ಕೇಳುತ್ತಲೇ ಇದ್ದೇವೆ.